ಸ್ಕ್ಯಾನರ್ ಸುಳ್ಳು ಹೇಳೋದಿಲ್ಲ, ಆದರೆ…

“ಮಷಿನ್ ಸುಳ್ಳು ಹೇಳೋದಿಲ್ಲ ಸಾರ್.” ಈ ಮಾತನ್ನು ಒಂದೇ ಮಳೆಗಾಲದಲ್ಲಿ ಒಂದೇ ಸರ್ವಿಸ್ ಸೆಂಟರಿನಲ್ಲಿ ಮೂರು ಸಲ ಕೇಳಿಸಿಕೊಂಡೆ. ಮೂರು ಸಲವೂ ಹುಡುಗ ಸ್ಕ್ಯಾನರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ, ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿಯುವ ಹಾಗೆ. ಬಲ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್. ಸರಿ, ಬದಲಾಯಿಸಿದರು. ಎರಡು ವಾರಕ್ಕೆ ಎಬಿಎಸ್‌ನ ಹಳದಿ ಲೈಟು ಮತ್ತೆ ಹೊತ್ತಿತು. “ಪೀಸೇ ಡಿಫೆಕ್ಟ್ ಇರಬೇಕು” ಎಂದು ಇನ್ನೊಂದು ಹಾಕಿದರು. ಲೈಟು ಅದಕ್ಕೂ ಸೊಪ್ಪು ಹಾಕಲಿಲ್ಲ. ಮೂರನೆಯ ಸಲ ಮಾಡ್ಯೂಲನ್ನೇ ಬದಲಾಯಿಸುವ ಎಸ್ಟಿಮೇಟು ಕೈಗಿಟ್ಟರು: 38,000 ರೂಪಾಯಿ, ಲೇಬರ್ ಬೇರೆ.

ಮಷಿನ್ ಸುಳ್ಳು ಹೇಳಿರಲಿಲ್ಲ, ಒಪ್ಪುತ್ತೇನೆ. ಅದು ಹೇಳಿದ್ದನ್ನು ಯಾರೂ ಪೂರ್ತಿ ಓದಲಿಲ್ಲ ಎಂಬುದೇ ನನ್ನ ತಕರಾರು. ಪರದೆಯ ಮೇಲಿದ್ದದ್ದು ಸಿ0040. ಬಹಳಷ್ಟು ಕಾರುಗಳಲ್ಲಿ ಇದರ ಅರ್ಥ ‘ಬಲ ಮುಂದಿನ ಚಕ್ರದ ವೇಗದ ಸೆನ್ಸರ್ ಸರ್ಕ್ಯೂಟ್’. ಕೊನೆಯ ಪದವನ್ನು ಎಲ್ಲರೂ ನುಂಗಿಬಿಡುತ್ತಾರೆ. ಸರ್ಕ್ಯೂಟ್ ಎಂದಾಗ ಸೆನ್ಸರ್ ಬಂತು, ಅದರಿಂದ ಹೊರಟ ಎರಡು ವೈರು ಬಂತು, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಅವು ಬಳುಕುವ ಜಾಗ ಬಂತು, ಕಿಲುಬು ಹಿಡಿಯುವ ಕನೆಕ್ಟರ್ ಬಂತು. ಸೆನ್ಸರಿನ ಎದುರು ತಿರುಗುವ ಹಲ್ಲಿನ ರಿಂಗು ಕೆಟ್ಟರೂ ಎಷ್ಟೋ ಕಾರುಗಳು ಇದೇ ಕೋಡನ್ನು ಎಸೆಯುತ್ತವೆ. ಕಳ್ಳ ಈ ಬೀದಿಯಲ್ಲಿದ್ದಾನೆ ಎಂದು ಯಾರೋ ಹೇಳಿದರೆ, ಬೀದಿಯ ಮೊದಲ ಮನೆಯವನ ಕುತ್ತಿಗೆಪಟ್ಟಿ ಹಿಡಿದು ಎಳೆತಂದಂತಾಯಿತು ಇದು. ಅವನನ್ನು ಬಿಟ್ಟು ಅವನ ಜಾಗಕ್ಕೆ ಬಾಡಿಗೆಗೆ ಬಂದವನನ್ನೂ ಎಳೆತಂದರು.

ಎಬಿಎಸ್ ಎಂದರೆ ಏನೋ ದೊಡ್ಡ ಎಲೆಕ್ಟ್ರಾನಿಕ್ ಮಾಯೆ ಎಂಬ ಭಯಭಕ್ತಿ ನಮ್ಮಲ್ಲಿದೆ. ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಎಲೆಕ್ಟ್ರಾನಿಕ್ ಎಬಿಎಸ್ ಕೊಟ್ಟಾಗಿನಿಂದ ಇವತ್ತಿನವರೆಗೂ ಅದರ ತಳದ ಲೆಕ್ಕ ಒಂದೇ: ಹಲ್ಲು ಎಣಿಸುವುದು. ರಿಂಗಿಗೆ 48 ಹಲ್ಲು, ಟೈರಿನ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಳ್ಳಿ. ಕಾರು ಹತ್ತಿರ ಹತ್ತಿರ ನಾಲ್ಕು ಸೆಂಟಿಮೀಟರ್ ಮುಂದೆ ಹೋದಾಗ ಒಂದು ಹಲ್ಲು ಸೆನ್ಸರಿನ ಮುಂದೆ ಹಾಯುತ್ತದೆ. 40 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 300 ಹಲ್ಲು. ನಾಲ್ಕು ಚಕ್ರದ ಎಣಿಕೆಯಲ್ಲಿ ಒಂದು ದಿಢೀರನೆ ಇಳಿಯಿತೋ, ಆ ಚಕ್ರ ಲಾಕ್ ಆಗುತ್ತಿದೆ ಎಂದು ಭಾವಿಸಿ ಮಾಡ್ಯೂಲು ಅದರ ಬ್ರೇಕನ್ನು ಸಡಿಲಿಸುತ್ತದೆ. ಹೊಸ ಕಾರುಗಳಲ್ಲಿ ಹಲ್ಲಿನ ಬದಲು ಬೇರಿಂಗಿನ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ, ಎಣಿಕೆ ಮಾತ್ರ ಅದೇ. (ಆ ಬೇರಿಂಗನ್ನು ತಿರುಗಾಮುರುಗಾ ಒತ್ತಿ ಕೂರಿಸಿ, ಆಮೇಲೆ ಸೆನ್ಸರನ್ನು ಬೈಯುವ ಗ್ಯಾರೇಜುಗಳೂ ಇವೆ.)

ನನ್ನ ಕಾರು ಕಾಯಿಲೆಯ ಲಕ್ಷಣವನ್ನು ತಾನೇ ಬಾಯಿಬಿಟ್ಟು ಹೇಳುತ್ತಿತ್ತು. ಕೀ ತಿರುಗಿಸಿದಾಗ ಲೈಟು ಹೊತ್ತಿ, ಕ್ರಮದಂತೆ ಆರುತ್ತಿತ್ತು. ಹೊರಟು ನಾಲ್ಕು ಮಾರು ಹೋದ ಮೇಲೆ ಮತ್ತೆ ಹೊತ್ತುತ್ತಿತ್ತು. ವೈರು ಕಡಿದಿದ್ದರೆ ಅಥವಾ ಸೆನ್ಸರಿನ ಒಳಗಿನ ಸುರುಳಿ ಸುಟ್ಟಿದ್ದರೆ ಕಾರು ನಿಂತಲ್ಲೇ ಮಾಡ್ಯೂಲಿಗೆ ಅದು ಗೊತ್ತಾಗುತ್ತದೆ, ಲೈಟು ಆರುವುದೇ ಇಲ್ಲ. ಚಕ್ರ ತಿರುಗಿದ ಮೇಲೆ ಮಾತ್ರ ತಕರಾರು ಎಂದರೆ, ತಿರುಗುವ ವಸ್ತುವಿನ ಮೇಲೆ ಮೊದಲ ಅನುಮಾನ ಬರಬೇಕು. ಎರಡನೆಯ ಲಕ್ಷಣ ಇನ್ನೂ ಸ್ಪಷ್ಟ. ಲೈಟು ಹೊತ್ತುವ ಮೊದಲಿನ ಆ ಸ್ವಲ್ಪ ಹೊತ್ತಿನಲ್ಲಿ, ಒಣ ಟಾರಿನ ಮೇಲೂ ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲ್ಲು ಕಾಲಿನಡಿ ಗರಗರ ಎಂದು ಒದೆಯುತ್ತಿತ್ತು. ಇಲ್ಲದ ಜಾರಿಕೆಯನ್ನು ಯಾರೋ ಅದಕ್ಕೆ ವರದಿ ಮಾಡುತ್ತಿದ್ದರು. ಇದನ್ನು ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ ಕೂಡ. ಬರೆದದ್ದನ್ನು ಓದುವವರು ಯಾರು, ಮಷಿನ್ ಇರುವಾಗ?

ಇದನ್ನು ಓದಿ, ಕಂಪನಿಯವರಿಗಿಂತ ನಮ್ಮ ಊರ ಮೇಸ್ತ್ರಿಯೇ ಮೇಲು, ಅವನ ಕೈ ನೋಡಿಯೇ ಹೇಳುತ್ತದೆ ಎನ್ನುವವರು ಎದ್ದು ನಿಲ್ಲುತ್ತಾರೆ ಎಂದು ಗೊತ್ತು. ದಯವಿಟ್ಟು ಕೂತುಕೊಳ್ಳಿ. ಎಸ್ಟಿಮೇಟಿಗೆ ಹೆದರಿ ನಾನು ಮೊದಲು ಹೋದದ್ದು ಅಂಥವನೊಬ್ಬನ ಬಳಿಗೇ. ಆತ ಬಾನೆಟ್ಟನ್ನೂ ಎತ್ತದೆ, “ಫ್ಯೂಸ್ ಕಿತ್ತು ಲೈಟ್ ವೈರ್ ಕಟ್ ಮಾಡಿಬಿಡ್ತೀನಿ ಸಾರ್, ಬ್ರೇಕ್ ಹಿಡಿಯುತ್ತಲ್ಲ” ಎಂದ. ಬ್ರೇಕು ಹಿಡಿಯುತ್ತದೆ, ನಿಜ. ಎಬಿಎಸ್ ಕೈಕೊಟ್ಟರೂ ಮಾಮೂಲಿ ಬ್ರೇಕು ಇದ್ದೇ ಇರುತ್ತದೆ. ಆದರೆ ನಾನು ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿಯುವವನು. ಮಳೆಯಲ್ಲಿ ಆ 14 ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದು ಬ್ರೇಕು ಒತ್ತಿದಾಗ ಮುಂದಿನ ಚಕ್ರ ಲಾಕ್ ಆದರೆ, ಸ್ಟೇರಿಂಗ್ ಎತ್ತ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ತಿರುವಿನಲ್ಲಿ ನೆಟ್ಟಗೆ ಹೋದರೆ ಏನಿದೆ ಎಂಬುದು ಘಾಟಿ ನೋಡಿದವರಿಗೆ ಗೊತ್ತು.

ಕೊನೆಗೆ ಪತ್ತೆ ಮಾಡಿದ್ದೂ ಸ್ಕ್ಯಾನರ್ರೇ. ಆದರೆ ಓಡುವ ಕಾರಿನಲ್ಲಿ. ತೀರ್ಥಹಳ್ಳಿಯ ಒಂದು ಸಣ್ಣ ಗ್ಯಾರೇಜಿನವ ಕೋಡ್ ನೋಡಿ ಸುಮ್ಮನಾಗದೆ ಲೈವ್ ಡೇಟಾ ತೆರೆದು ಪಕ್ಕದ ಸೀಟಿನಲ್ಲಿ ಕೂತ. ನಾಲ್ಕು ಚಕ್ರ, ನಾಲ್ಕು ಅಂಕಿ. 40ರಲ್ಲಿ ನಾಲ್ಕೂ ಅಣ್ಣತಮ್ಮಂದಿರಂತೆ ಜೊತೆಯಲ್ಲಿದ್ದವು. ನಿಧಾನ ಮಾಡುತ್ತ ಬಂದೆ. 12, 12, 12, 12. ಆಮೇಲೆ 9, 9, 9, ಮತ್ತು ಬಲ ಮುಂದಿನದು 4. ಮತ್ತೆ 9. ಮತ್ತೆ 4. “ಎಡವ್ತಾ ಇದೆ ನೋಡಿ” ಎಂದ. ವಾಪಸ್ ಬಂದು ಚಕ್ರ ಬಿಚ್ಚಿ, ಟಾರ್ಚು ಹಿಡಿದು, ಆಕ್ಸಲ್ಲನ್ನು ಕೈಯಲ್ಲೇ ಇಷ್ಟಿಷ್ಟೇ ತಿರುಗಿಸಿದ. ಅರ್ಧ ಸುತ್ತು ಏನೂ ಇಲ್ಲ. ಮುಂದಿನ ಅರ್ಧದಲ್ಲಿ, ಎರಡು ಹಲ್ಲಿನ ನಡುವೆ, ರಿಂಗು ಸೀಳಿತ್ತು. ಉಗುರಿನ ತುದಿ ಹೋಗುವಷ್ಟು ಬಿರುಕು. ರಿಂಗಿನ ಅಡಿಯಲ್ಲಿ ಆಕ್ಸಲ್ಲಿಗೆ ತುಕ್ಕು ಹಿಡಿದು, ಉಬ್ಬಿ, ಬಿಗಿಯಾಗಿ ಕೂತ ರಿಂಗನ್ನು ಒಳಗಿನಿಂದಲೇ ಒಡೆದಿತ್ತು. ಒಂದು ಸುತ್ತಿಗೆ ಒಂದು ಹಲ್ಲು ತಡವಾಗಿ ಬರುತ್ತಿತ್ತು. ವೇಗದಲ್ಲಿ ನೂರಾರು ಹಲ್ಲುಗಳ ಸರಾಸರಿಯೊಳಗೆ ಆ ತಡ ಮುಚ್ಚಿಹೋಗುತ್ತದೆ. ನಿಧಾನದಲ್ಲಿ ಅದೇ ‘ಚಕ್ರ ನಿಂತಿತು’ ಎಂಬ ವರದಿಯಾಗುತ್ತದೆ. ಮಲೆನಾಡಿನ ಮಳೆ, ಉಡುಪಿ ಕಡೆಯ ಉಪ್ಪುಗಾಳಿ ಎರಡನ್ನೂ ಕುಡಿದ ಕಾರು. ಸೆನ್ಸರು ಮೊದಲನೆಯದೇ ಚೆನ್ನಾಗಿತ್ತು.

ಸೆನ್ಸರ್ ಕೆಡುವುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಧಾರಾಳವಾಗಿ ಕೆಡುತ್ತದೆ. ಮೊದಲ ಸಲ ಅದನ್ನು ಬದಲಾಯಿಸಿದ್ದು ತಪ್ಪೆಂದೂ ಹೇಳಲಾರೆ. ಅಷ್ಟಕ್ಕೂ ಎರಡೂ ಬದಿಯವು ಒಂದೇ ಬಗೆಯದಾಗಿದ್ದರೆ ಎಡದ್ದನ್ನು ಬಲಕ್ಕೆ ಹಾಕಿ ನೋಡಬಹುದಿತ್ತು: ಕೋಡು ಸೆನ್ಸರಿನ ಜೊತೆ ಹೋಯಿತೇ, ಅಲ್ಲೇ ಉಳಿಯಿತೇ? ಪೈಸೆ ಖರ್ಚಿಲ್ಲದ ಪರೀಕ್ಷೆ. ಹೊಸ ಸೆನ್ಸರ್ ಹಾಕಿದ ಮೇಲೂ ದೋಷ ಉಳಿದಾಗ, ದೋಷ ಅಲ್ಲಿಲ್ಲ ಎಂಬ ಸಾಕ್ಷಿ ಸಿಕ್ಕಂತಾಯಿತು. ಅದನ್ನು ಮೂಲೆಗೆ ತಳ್ಳಿ ಇನ್ನೊಂದು ಸೆನ್ಸರಿಗೆ ಆರ್ಡರ್ ಹಾಕಿದ್ದಕ್ಕೆ ಮಾಫಿ ಇಲ್ಲ.

ಹೀಗೇಕೆ ಆಗುತ್ತದೆ ಎಂದರೆ ಅಜ್ಞಾನವನ್ನು ದೂರುವುದು ಸುಲಭ. ನನಗೆ ಕಾಣುವುದು ಬಿಲ್ ಪುಸ್ತಕ. ಪಾರ್ಟಿಗೆ ರೇಟಿದೆ, ಹಾಕುವ ಲೇಬರಿಗೆ ರೇಟಿದೆ, ಹುಡುಕುವುದಕ್ಕೆ ಇಲ್ಲ. ಎರಡು ಗಂಟೆ ಹುಡುಕಿ “ಏನೂ ಬದಲಾಯಿಸಬೇಕಿಲ್ಲ, ಕನೆಕ್ಟರ್ ಒರೆಸಿದೆ” ಎಂದವನಿಗೆ ಯಾವ ಗಿರಾಕಿ 1,500 ಕೊಡುತ್ತಾನೆ? ಹೊಸ ಸೆನ್ಸರಿನ ಡಬ್ಬಿ ತೋರಿಸಿದರೆ ತಕರಾರಿಲ್ಲದೆ 4,000 ಎಣಿಸುತ್ತೇವೆ. 2019ರ ಏಪ್ರಿಲಿನಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಆ ಕಾರುಗಳು ಈಗ ವಾರಂಟಿ ದಾಟಿ, ತುಕ್ಕು ಹಿಡಿದು, ಕೈಯಿಂದ ಕೈಗೆ ಮಾರಾಟವಾಗಿ, ಇದೇ ಹಳದಿ ಲೈಟು ಹೊತ್ತಿಸಿಕೊಂಡು ಸಣ್ಣ ಊರುಗಳ ಗ್ಯಾರೇಜುಗಳಿಗೆ ಬರತೊಡಗಿವೆ.

ತೀರ್ಥಹಳ್ಳಿಯವ ಕೊಟ್ಟ ಬಿಲ್ಲು ಇನ್ನೂ ಗ್ಲೋವ್ ಬಾಕ್ಸಿನಲ್ಲಿದೆ. ರಿಂಗ್ 650. ಆಕ್ಸಲ್ ಬಿಚ್ಚಿ ಹಾಕಿದ್ದು 900. ಅದರ ಕೆಳಗೆ, ಸ್ವಲ್ಪ ಹಿಂಜರಿದ ಅಕ್ಷರದಲ್ಲಿ, ‘ಗ್ರೀಸ್ ಇತ್ಯಾದಿ 700’. ಏಳು ನೂರು ರೂಪಾಯಿಯ ಗ್ರೀಸು ಎಲ್ಲಿಗೆ ಹೋಯಿತು ಎಂದು ನಾನು ಕೇಳಿಯೇಬಿಟ್ಟೆ. ಆತ ತಲೆ ಕೆರೆದುಕೊಂಡು, “ಟೆಸ್ಟ್ ಡ್ರೈವ್ ಹೋಗಿದ್ವಲ್ಲ ಸಾರ್, ಅದನ್ನ ಹಾಗೇ ಬರೆಯೋಕಾಗಲ್ಲ” ಎಂದ.