ಘಮ ಉಳಿಯಿತು, ಅಳತೆ ಎಲ್ಲಿ ಹೋಯಿತು?

ಹಬ್ಬ ಹತ್ತಿರವಾದಾಗ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಬರಹ ತಪ್ಪದೆ ಬರುತ್ತದೆ. ಈದ್ ಇರಲಿ, ಕ್ರಿಸ್ಮಸ್ ಇರಲಿ, ಹೂರಣ ಒಂದೇ. ಅಜ್ಜಿಯ ಅಡುಗೆಮನೆ, ತುಪ್ಪ-ಏಲಕ್ಕಿಯ ಘಮ, ಕಳೆದುಹೋದ ಬಾಲ್ಯ, ಕೊನೆಗೊಂದು ನಿಟ್ಟುಸಿರು. ಇಂತಹ ಬರಹಗಳನ್ನು ನಾವೂ ಆಸೆಯಿಂದ ಓದುತ್ತೇವೆ. ಆದರೆ ಓದಿ ಮುಗಿಸಿದಾಗ ಒಂದು ಪ್ರಶ್ನೆ ಉಳಿಯುತ್ತದೆ. ಆ ಅಜ್ಜಿ ಎಷ್ಟು ಹಿಟ್ಟಿಗೆ ಎಷ್ಟು ಸಕ್ಕರೆ ಹಾಕುತ್ತಿದ್ದರು? ಅದು ಬರೆದವರಿಗೆ ಗೊತ್ತಿಲ್ಲ.

ನಮಗೂ ಗೊತ್ತಿರಲಿಲ್ಲ. ಕರಾವಳಿಯ ನಮ್ಮ ಹಳೆಯ ಮನೆಯಲ್ಲಿ ಓವನ್ ಇರಲಿಲ್ಲ. ಈದ್‌ನ ಹಿಂದಿನ ರಾತ್ರಿ ಉಮ್ಮ ದಪ್ಪ ತಳದ ಪಾತ್ರೆಗೆ ಕೇಕಿನ ಹಿಟ್ಟು ಹೊಯ್ದು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ತೆಂಗಿನ ಗೆರಟೆಯ ಹೊಗೆಯೂ ಏಲಕ್ಕಿಯ ಘಮವೂ ಬೆರೆತು ಮನೆ ತುಂಬುತ್ತಿತ್ತು. ಆ ವಾಸನೆಯಲ್ಲೇ ನಾವು ನಿದ್ದೆ ಹೋಗುತ್ತಿದ್ದೆವು. ಉಮ್ಮ ಎಷ್ಟು ಹೊತ್ತಿಗೆ ಮಲಗುತ್ತಿದ್ದರು? ನಾವು ಒಮ್ಮೆಯೂ ಕೇಳಲಿಲ್ಲ. ಅವರು ತೀರಿಕೊಂಡ ನಂತರದ ಈದ್‌ಗೆ ನಾವೇ ಆ ಕೇಕು ಮಾಡಲು ಹೊರಟೆವು. ಓವನ್ ಇತ್ತು, ತಕ್ಕಡಿ ಇತ್ತು, ಅಳತೆ ಮಾತ್ರ ಇರಲಿಲ್ಲ. ಅವರದು ಕಣ್ಣಳತೆ, ಕೈಯಳತೆ. ಮೂರು ಸಲ ಮಾಡಿದೆವು. ಮೂರು ಸಲವೂ ಅದು ಬೇರೆ ಯಾರದೋ ಮನೆಯ ಕೇಕಾಯಿತು.

ವಾಸನೆಗೆ ನೆನಪನ್ನು ಕೆದಕುವ ಬಲ ಇರುವುದು ಸುಳ್ಳಲ್ಲ. ಕಣ್ಣು, ಕಿವಿಗಳು ತರುವ ಸುದ್ದಿ ಮೆದುಳಿನಲ್ಲಿ ಥಾಲಮಸ್ ಎಂಬ ಠಾಣೆಯನ್ನು ದಾಟಿ ಮುಂದೆ ಹೋಗಬೇಕು. ಮೂಗಿನ ಸುದ್ದಿ ಮಾತ್ರ ಭಾವನೆ ಮತ್ತು ನೆನಪಿನ ಕೇಂದ್ರಗಳನ್ನು ಹೆಚ್ಚುಕಡಿಮೆ ನೇರವಾಗಿಯೇ ತಲುಪುತ್ತದೆ. 1913ರಲ್ಲಿ ಪ್ರಕಟವಾದ ಮಾರ್ಸೆಲ್ ಪ್ರೂಸ್ಟ್‌ರ ಫ್ರೆಂಚ್ ಕಾದಂಬರಿಯಲ್ಲಿ ಚಹಾದಲ್ಲಿ ಅದ್ದಿದ ಪುಟ್ಟ ಕೇಕಿನ ತುಂಡೊಂದು ಇಡೀ ಬಾಲ್ಯವನ್ನೇ ಎಬ್ಬಿಸಿ ನಿಲ್ಲಿಸುತ್ತದೆ. ಆ ಪ್ರಸಂಗ ಜಗತ್ಪ್ರಸಿದ್ಧ. ಆದರೆ ಅದು ತಿಂದವನ ನೆನಪು, ಬೇಯಿಸಿದವಳದ್ದಲ್ಲ. ನಮ್ಮ ಹಬ್ಬದ ಬರಹಗಳ ಕೊರತೆಯೂ ಇದೇ ಎಂದು ನಮಗನಿಸುತ್ತದೆ. ಒಲೆಯ ಮುಂದೆ ಬೆವರಿದವರಿಗೆ ಅದು ಕೆಲಸ, ಹೊರಗೆ ಕುಳಿತವರಿಗೆ ಪರಿಮಳ. ಬರೆದವರು ಹೆಚ್ಚಾಗಿ ಹೊರಗೆ ಕುಳಿತವರು.

ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದ ಒಂದು ಪುಸ್ತಕವನ್ನು ಇಲ್ಲಿ ನೆನೆಯಬೇಕು. 1968ರಲ್ಲಿ ಪ್ರಕಟವಾದ ಕ್ಲಾಡಿಯಾ ರೋಡನ್ ಅವರ 'ಎ ಬುಕ್ ಆಫ್ ಮಿಡ್ಲ್ ಈಸ್ಟರ್ನ್ ಫುಡ್'. ರೋಡನ್ 1936ರಲ್ಲಿ ಕೈರೋದ ಯಹೂದಿ ಮನೆತನದಲ್ಲಿ ಹುಟ್ಟಿದವರು. 1956ರ ಸುಯೆಜ್ ಬಿಕ್ಕಟ್ಟಿನ ನಂತರ ಈಜಿಪ್ಟಿನ ಯಹೂದಿಗಳು ಗುಂಪುಗುಂಪಾಗಿ ದೇಶ ಬಿಡಬೇಕಾಯಿತು. ಅವರ ಕುಟುಂಬವೂ ಲಂಡನ್ನಿಗೆ ಬಂತು. ಹಾಗೆ ಚೆದುರಿ ಹೋಗುತ್ತಿದ್ದ ನೆಂಟರಿಷ್ಟರು ಪರಸ್ಪರ ಕೇಳಿಕೊಂಡದ್ದು ಅಡುಗೆಯ ವಿಧಾನಗಳನ್ನು. ಮತ್ತೆ ಭೇಟಿಯಾಗುತ್ತೇವೋ ಇಲ್ಲವೋ, ನಿಮ್ಮ ಮನೆಯ ಆ ತಿಂಡಿಯನ್ನಾದರೂ ಹೇಳಿಕೊಡಿ ಎಂಬ ಕೇಳಿಕೆ ಅದು. ಬಾಯಿಂದ ಬಾಯಿಗೆ ಬಂದದ್ದನ್ನು ರೋಡನ್ ಅಳತೆ ಸಮೇತ ಬರೆದಿಟ್ಟರು. ನಿಟ್ಟುಸಿರು ಅವರ ಪುಸ್ತಕದಲ್ಲೂ ಇದೆ. ಆದರೆ ನಿಟ್ಟುಸಿರಿನ ಕೆಳಗೆ ಹಿಟ್ಟು ಎಷ್ಟು, ಬೆಣ್ಣೆ ಎಷ್ಟು, ಎಷ್ಟು ಹೊತ್ತು ಬೇಯಬೇಕು ಎಂಬುದೂ ಇದೆ.

ಅದರಲ್ಲಿ 'ಮಅಮೂಲ್' ಎಂಬ ತಿಂಡಿ ಬರುತ್ತದೆ. ಬೆಣ್ಣೆ ಹಾಕಿ ನಾದಿದ ಹಿಟ್ಟಿನೊಳಗೆ ಖರ್ಜೂರವನ್ನೋ ಅಕ್ರೋಟನ್ನೋ ತುಂಬಿ, ಹದವಾಗಿ ಬೇಯಿಸಿ, ಮೇಲೆ ಸಕ್ಕರೆ ಪುಡಿ ಉದುರಿಸುತ್ತಾರೆ. ಸಿರಿಯಾ, ಲೆಬನಾನ್, ಫೆಲೆಸ್ತೀನ್‌ಗಳಲ್ಲಿ ಮುಸ್ಲಿಮರು ಈದ್‌ಗೆ, ಕ್ರೈಸ್ತರು ಈಸ್ಟರ್‌ಗೆ ಇದನ್ನು ಮಾಡುತ್ತಾರೆ. ಸಿರಿಯಾ ಮೂಲದ ಯಹೂದಿಗಳಿಗೆ ಇದು ಪೂರಿಮ್ ಹಬ್ಬದ ತಿಂಡಿ. ಮೂರು ಧರ್ಮ, ಮೂರು ಹಬ್ಬ, ಒಂದೇ ಘಮ! ಒಬ್ಬರನ್ನೊಬ್ಬರು ಹೊರಗಟ್ಟಿದ ಅದೇ ಶತಮಾನದಲ್ಲಿ ಆ ನೆಲದ ಮೂರೂ ಮನೆಗಳ ಒಲೆಯಿಂದ ಒಂದೇ ಪರಿಮಳ ಏಳುತ್ತಿತ್ತು. ಯಾವ ಭಾಷಣವೂ ಹೇಳಲಾಗದ್ದನ್ನು ಈ ತಿಂಡಿ ಹೇಳುತ್ತದೆ.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಹತ್ತಿರದ್ದು. ರೋಡನ್ ತಮ್ಮ ಪುಸ್ತಕಕ್ಕೆ ಬಳಸಿದ ಹಳೆಯ ಆಧಾರಗಳಲ್ಲಿ 1226ರಲ್ಲಿ ಬಗ್ದಾದ್‌ನಲ್ಲಿ ರಚನೆಯಾದ 'ಕಿತಾಬ್ ಅಲ್ ತಬೀಖ್' ಒಂದು. ಮುಹಮ್ಮದ್ ಇಬ್ನ್ ಅಲ್ ಹಸನ್ ಅಲ್ ಬಗ್ದಾದಿಯವರ ಆ ಅಡುಗೆ ಗ್ರಂಥವನ್ನು ಎ.ಜೆ. ಆರ್ಬೆರಿ ಇಂಗ್ಲಿಷಿಗೆ ಅನುವಾದಿಸಿದರು. ಆ ಅನುವಾದ 1939ರಲ್ಲಿ ಅಚ್ಚಾದದ್ದು ಹೈದರಾಬಾದಿನ 'ಇಸ್ಲಾಮಿಕ್ ಕಲ್ಚರ್' ಪತ್ರಿಕೆಯಲ್ಲಿ. ಬೀದರ್, ಕಲಬುರಗಿ, ರಾಯಚೂರುಗಳನ್ನು ಒಳಗೊಂಡಿದ್ದ ಅಂದಿನ ನಿಜಾಮ ರಾಜ್ಯದ ರಾಜಧಾನಿಯಿಂದ! ಬಗ್ದಾದಿನ ಅಡುಗೆ ದಖ್ಖನಿನ ಮುದ್ರಣಾಲಯ ದಾಟಿ, ಕೈರೋದಿಂದ ಬಂದ ಯಹೂದಿ ಮಹಿಳೆಯೊಬ್ಬರ ಕೈಸೇರಿತು. ಏಳುನೂರು ವರ್ಷಗಳ ಈ ಪಯಣ ಸಾಧ್ಯವಾದದ್ದು ಯಾರೋ ಬರೆದಿಟ್ಟದ್ದರಿಂದ.

ಪುಸ್ತಕದಲ್ಲಿ ಕೊರತೆಗಳೇ ಇಲ್ಲವೆಂದಲ್ಲ. ಬಡವರ ಊಟವೂ ಅದರಲ್ಲಿದೆ ನಿಜ. ಆದರೆ ನೋಡುವ ಕಣ್ಣು ಸ್ಥಿತಿವಂತ ಮನೆಯದು. ಅಂತಹ ಮನೆಗಳಲ್ಲಿ ಹಿಟ್ಟು ನಾದುತ್ತಿದ್ದ ಆಳುಗಳು ತಮ್ಮ ಹಬ್ಬದ ದಿನ ತಮ್ಮ ಮನೆಗೆ ಯಾವ ಘಮ ಒಯ್ದರು ಎಂಬುದು ನಮಗೆ ಅಷ್ಟಾಗಿ ತಿಳಿಯುವುದಿಲ್ಲ. ಅಗಲಿಕೆಯ ನೋವಿನಲ್ಲಿ ಹಳೆಯ ಕೈರೋ ಕೆಲವೆಡೆ ಇದ್ದದ್ದಕ್ಕಿಂತ ಸಿಹಿಯಾಗಿಯೂ ಕಾಣುತ್ತದೆ. ಘಮದ ಗುಣವೇ ಅದು. ಸೀದು ಹೋದದ್ದನ್ನು ಅದು ಮರೆಸಿಬಿಡುತ್ತದೆ. ಇಷ್ಟಾದರೂ ಈ ಪುಸ್ತಕದ ದೊಡ್ಡತನ ಕುಂದುವುದಿಲ್ಲ. ಇತರರು ಮೆಲುಕು ಹಾಕಿ ಮುಗಿಸಿದ್ದನ್ನು ರೋಡನ್ ಹಂಚಿಕೊಳ್ಳಲು ಬರುವಂತೆ ಮಾಡಿದರು.

ನಮ್ಮ ಕರಾವಳಿಯಲ್ಲೂ ಹಂಚಿಕೊಳ್ಳುವ ರೂಢಿಯಿತ್ತು, ಹಲವೆಡೆ ಇಂದಿಗೂ ಇದೆ. ಡಿಸೆಂಬರ್‌ನಲ್ಲಿ ಪಕ್ಕದ ಕ್ರೈಸ್ತರ ಮನೆಯಿಂದ ಕುಸ್ವಾರ್ ಬರುತ್ತಿತ್ತು. ನೆವ್ರಿ, ಕಿಡಿಯೊ, ಗುಳಿಯೊ, ಒಂದು ತುಂಡು ಕೇಕು. ಆ ತಟ್ಟೆಯನ್ನು ಉಮ್ಮ ಬರಿದಾಗಿ ಹಿಂದಿರುಗಿಸಿದ್ದಿಲ್ಲ. ಈದ್‌ಗೆ ಕೆಂಡದ ಕೇಕಿನ ಮೊದಲ ತುಂಡು ಅದೇ ತಟ್ಟೆಯಲ್ಲಿ ಆ ಮನೆಗೆ ಹೋಗುತ್ತಿತ್ತು. ಕಳೆದ ಕ್ರಿಸ್ಮಸ್‌ಗೆ ಆ ಮನೆಯ ಬಾಯಮ್ಮನ ಬಳಿ ನಮ್ಮ ಸೋಲಿನ ಕಥೆ ಹೇಳಿದೆವು. ಅವರು ನಕ್ಕು, "ನಿನ್ನ ಉಮ್ಮನಲ್ಲಿ ನಾನು ಕೇಳಿ ಬರೆದುಕೊಂಡಿದ್ದೆ ಮಗಾ" ಎಂದರು. ಹಳೆಯ ನೋಟುಪುಸ್ತಕದಲ್ಲಿ ಕೊಂಕಣಿಯ ಮಾತನ್ನು ಕನ್ನಡದ ಅಕ್ಷರಗಳಲ್ಲಿ ಬರೆದಿದ್ದರು. ಆರು ಮೊಟ್ಟೆ, ಮೊಟ್ಟೆಯ ತೂಕದಷ್ಟೇ ಸಕ್ಕರೆ, ಅಷ್ಟೇ ಮೈದಾ, ಅದರ ಅರ್ಧ ತುಪ್ಪ. ನಮ್ಮ ಮನೆಯ ನೆನಪನ್ನು ನೆರೆಮನೆ ಕಾಪಾಡಿತ್ತು.

ಆದ್ದರಿಂದ ಹಬ್ಬದ ಬರಹ ಬರೆಯುವವರಲ್ಲಿ ನಮ್ಮದೊಂದು ವಿನಂತಿ. ಘಮದ ಬಗ್ಗೆ ಬರೆಯುವ ಮೊದಲು ಅಡುಗೆಮನೆಯೊಳಗೆ ಹೋಗಿ, ತಾಯಿಯ ಪಕ್ಕ ಕುಳಿತು, ಅವರು ಹಿಡಿಯಿಂದ ಹಾಕುವುದನ್ನು ಒಮ್ಮೆ ತೂಗಿ ನೋಡಿ. ಬರೆದುಕೊಳ್ಳಿ. ಒಂದು ಪ್ರತಿಯನ್ನು ಪಕ್ಕದ ಮನೆಗೂ ಕೊಡಿ.