ಓಡಿದ ಬಾಲಕ, ಮುಳುಗಿದ ಸೇತುವೆ

2019ರ ಆಗಸ್ಟ್‌ನಲ್ಲಿ ದೇವದುರ್ಗ ತಾಲೂಕಿನ ಹಿರೇರಾಯಕುಂಪಿ ಬಳಿ ತೆಗೆದ ವಿಡಿಯೋವೊಂದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕೃಷ್ಣೆಯ ನೆರೆಯಲ್ಲಿ ಮುಳುಗಿದ ಸೇತುವೆ. ರಸ್ತೆ ಯಾವುದು, ಅಂಚು ಯಾವುದು ಎಂದು ತಿಳಿಯದೆ ನಿಂತ ಆಂಬುಲೆನ್ಸ್. ಒಳಗೆ ಮಹಿಳೆಯೊಬ್ಬರ ಶವ, ಜೊತೆಗೆ ಮಕ್ಕಳು. ಹನ್ನೆರಡು ವರ್ಷದ ಹುಡುಗನೊಬ್ಬ ನೀರಿನಲ್ಲಿ ಎಡವುತ್ತಾ, ಏಳುತ್ತಾ, ಮುಂದೆ ಓಡಿ ಚಾಲಕನಿಗೆ ದಾರಿ ತೋರಿಸುತ್ತಾನೆ. ಅವನಿಗೆ ಶೌರ್ಯ ಪ್ರಶಸ್ತಿ ಬಂತು. ಬರಲೇಬೇಕಿತ್ತು.

ನಮ್ಮ ತಕರಾರು ಆ ದೃಶ್ಯವನ್ನು ನಾವು ಓದಿಕೊಂಡ ರೀತಿಯ ಬಗ್ಗೆ. ವಾಹಿನಿಗಳು ಅದನ್ನು ಸಾಹಸಕಥೆಯಾಗಿ ತೋರಿಸಿದವು, ನಾವು ಚಪ್ಪಾಳೆ ತಟ್ಟಿದೆವು. ಮುಳುಗಿದ ಸೇತುವೆಯ ಬಾಯಲ್ಲಿ ಅಡ್ಡಗಟ್ಟೆ ಯಾಕಿರಲಿಲ್ಲ, ಅಲ್ಲಿ ನಿಲ್ಲಬೇಕಾಗಿದ್ದ ದೊಡ್ಡವರು ಎಲ್ಲಿದ್ದರು ಎಂದು ಕೇಳಿದವರು ಎಷ್ಟು ಜನ? ಕೃಷ್ಣೆಯ ನೆರೆ ಭೂಕಂಪದಂತೆ ಹೇಳದೆ ಕೇಳದೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಆಲಮಟ್ಟಿ ತುಂಬಿ, ನಾರಾಯಣಪುರದ ಗೇಟುಗಳು ತೆರೆದ ಮೇಲಷ್ಟೇ ಆ ನೀರು ನಮ್ಮ ಕಡೆ ಬರುತ್ತದೆ. ಎಷ್ಟು ಕ್ಯೂಸೆಕ್ ಬಿಟ್ಟರೆಂಬುದು ಗುಟ್ಟೂ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಯೋಜನೆ ಇರಬೇಕು. ಕಾಗದದ ಮೇಲಿನ ಯೋಜನೆ ಸೇತುವೆಯವರೆಗೆ ನಡೆದು ಬರಲಿಲ್ಲ, ಮಗು ಓಡಬೇಕಾಯಿತು.

2009ರ ನೆನಪು ಇನ್ನೂ ಕಹಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರನ್ನು ಕೊಂದದ್ದು ಹೊಳೆಯಲ್ಲ, ನೆನೆದು ಕುಸಿದ ಮಣ್ಣಿನ ಗೋಡೆ, ಮಾಳಿಗೆ. ಅಂದರೆ ನದಿ ದಂಡೆಯವರಷ್ಟೇ ಅಲ್ಲ, ಕೃಷ್ಣೆ ತುಂಗಭದ್ರೆಗಳ ನಡುವಿನ ಕುರ್ಡಿಯಂಥ ಊರಿನ ಬಡವನೂ ಅಪಾಯದಲ್ಲಿದ್ದಾನೆ. ಆಮೇಲೆ 'ಆಸರೆ' ಯೋಜನೆ ಬಂತು, ದಾನಿಗಳ ನೆರವಿನಿಂದ ಹೊಸ ಮನೆಗಳೆದ್ದವು. ಆದರೆ ಎಷ್ಟೋ ಕಡೆ ದನ ಕಟ್ಟಲು ಜಾಗವಿಲ್ಲ, ಹೊಲ ದೂರ ಎಂದು ಜನ ಹಳೆಯ ಊರಿನಲ್ಲೇ ಉಳಿದರು. ಮನೆ ಕಟ್ಟುವ ಮುನ್ನ ಅದರಲ್ಲಿ ಬಾಳುವವರನ್ನು ಕೇಳದಿದ್ದರೆ ಆಗುವುದು ಇದೇ.

ಬಾಂಗ್ಲಾದೇಶವನ್ನು ನೋಡೋಣ. 1970ರ ಭೋಲಾ ಚಂಡಮಾರುತಕ್ಕೆ ಅಲ್ಲಿ ಸತ್ತವರು 3 ಲಕ್ಷಕ್ಕಿಂತ ಕಡಿಮೆಯಿಲ್ಲ ಎಂದು ಅಂದಾಜು. 2007ರ ಸಿದ್ರ್ ಕೂಡ ಭೀಕರವೇ, ಆದರೆ ಸತ್ತವರು ಸುಮಾರು 3,400. ನಡುವೆ ಆದದ್ದು ಪವಾಡವಲ್ಲ. ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರು, ಎತ್ತರದ ಆಶ್ರಯ ಕಟ್ಟಡಗಳು, ಎಚ್ಚರಿಕೆಯ ಬಾವುಟ. ಮಸೀದಿಯ ಮೈಕೂ ಜನರನ್ನು ಎಬ್ಬಿಸಿತು.

ಇನ್ನು ನಮ್ಮ ಆತ್ಮಾವಲೋಕನ. ನೆರೆ ಬಂದಾಗ ನಮ್ಮ ಜಮಾಅತ್‌ಗಳು, ಮಠಗಳು, ಯುವಕ ಸಂಘಗಳು ಅಕ್ಕಿ, ಕಂಬಳಿ ಹೊತ್ತು ಧಾವಿಸುತ್ತವೆ. ಅದು ನಮ್ಮ ನೆಲದ ದೊಡ್ಡ ಗುಣ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದರಲ್ಲೇ ನಾವು ಪುಣ್ಯ ಕಾಣುತ್ತೇವೆ. ಎಲ್ಲವೂ ಅಲ್ಲಾಹನ ಇಚ್ಛೆ ಎಂದು ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಬರಗಾಲಕ್ಕೆ ಏಳು ವರ್ಷ ಮೊದಲೇ ಧಾನ್ಯ ಕೂಡಿಡಲು ಹೇಳಿದ ಪ್ರವಾದಿ ಯೂಸುಫರು ನಮ್ಮವರೇ ಅಲ್ಲವೇ?

ಮುಂಗಾರಿಗೆ ಮುನ್ನ ಒಂದು ಶುಕ್ರವಾರ ಸಾಕು. ಯಾರ ಗೋಡೆ ಬಿರುಕು ಬಿಟ್ಟಿದೆ, ನಡೆಯಲಾಗದ ಮುದುಕಿ ಯಾವ ಮನೆಯಲ್ಲಿದ್ದಾಳೆ, ಮಳೆ ನಿಲ್ಲದಿದ್ದರೆ ಯಾವ ಶಾಲೆಯ ಬಾಗಿಲು ತೆರೆಯಬೇಕು, ಅದರ ಕೀಲಿ ಯಾರ ಬಳಿ ಇದೆ ಎಂದು ಪಟ್ಟಿ ಮಾಡೋಣ. ಮಸೀದಿಯ ಮೈಕು, ಗುಡಿಯ ಮೈಕು ಎರಡರಲ್ಲೂ ಒಂದೇ ಎಚ್ಚರಿಕೆ ಕೇಳಿಸಲಿ. ಸರಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳದಂತೆ ಗ್ರಾಮಸಭೆಯಲ್ಲಿ ಪ್ರಶ್ನಿಸೋಣ. ಮುಂದಿನ ನೆರೆಯಲ್ಲಿ ಯಾವ ಮಗುವೂ ಹಾಗೆ ಓಡಬೇಕಾಗದಿದ್ದರೆ, ಆ ಬಾಲಕನನ್ನು ನಾವು ನಿಜವಾಗಿ ಗೌರವಿಸಿದಂತೆ.