ಅಗ್ಗದ ಷೇರು, ಯಾರ ಜೇಬಿನಿಂದ?

ಇರುವ ಷೇರುದಾರರಿಗೇ ಕಂಪನಿ ಹೊಸ ಷೇರು ಮಾರುವ ರೈಟ್ಸ್ ಇಶ್ಯೂ ಬಂತೆಂದರೆ ನಮ್ಮಲ್ಲಿ ಮೊದಲು ಕೇಳುವ ಮಾತು, ‘ಎಷ್ಟು ಕಡಿಮೆಗೆ ಕೊಡ್ತಿದ್ದಾರಂತೆ?’ ಮಾರುಕಟ್ಟೆ ಬೆಲೆಯಲ್ಲಿ ಕಂಪನಿ ಕೇಳುವ ಬೆಲೆ ಕಳೆದು, ಉಳಿದದ್ದು ಲಾಭ ಅಂದುಕೊಂಡು ಅರ್ಜಿ ಹಾಕುತ್ತೇವೆ. ನನ್ನ ತಕರಾರು ಈ ಕಳೆಯುವ ಲೆಕ್ಕದ ಮೇಲೆಯೇ.

2020ರ ರಿಲಯನ್ಸ್ ಇಶ್ಯೂ ನೋಡಿ. 53,124 ಕೋಟಿ ರೂಪಾಯಿಯದು. ಹದಿನೈದು ಷೇರಿಗೆ ಒಂದು, ಬೆಲೆ 1,257 ರೂಪಾಯಿ. ಘೋಷಣೆಯಾದ ಏಪ್ರಿಲ್ 30ರಂದು ಮಾರುಕಟ್ಟೆಯಲ್ಲಿ ಸುಮಾರು 1,467. ಷೇರಿಗೆ 210 ರೂಪಾಯಿ ಉಳಿಯಿತಲ್ಲ ಅನ್ನಿಸುತ್ತದೆ. ಆದರೆ ಹಳೆಯ ಹದಿನೈದು ಷೇರಿನ 22,005ಕ್ಕೆ ಹೊಸದರ 1,257 ಸೇರಿಸಿ, ಹದಿನಾರರಿಂದ ಭಾಗಿಸಿದರೆ ಬರುವುದು 1,454. ಹೊಸ ಷೇರಿನಲ್ಲಿ 197 ಸಿಕ್ಕಿತು, ಹಳೆಯ ಹದಿನೈದರಲ್ಲಿ ತಲಾ ಹದಿಮೂರರಂತೆ ಅಷ್ಟೇ ಹೋಯಿತು. ಎಡ ಜೇಬಿನದು ಬಲ ಜೇಬಿಗೆ. ಕಂಪನಿ ಬೆಲೆಯನ್ನು ಸಾವಿರಕ್ಕೇ ಇಳಿಸಿದ್ದರೂ ಕಥೆ ಇಷ್ಟೇ.

ಇದರಲ್ಲಿ ನಿಜವಾಗಿ ಕಳೆದುಕೊಳ್ಳುವವನು ಸುಮ್ಮನೆ ಕೂತವನು. ನಮ್ಮ ಸೋದರಮಾವನ ಡಿಮ್ಯಾಟ್ ಖಾತೆಯಲ್ಲಿ ಒಂದು ದಿನ ಕಂಪನಿಯೊಂದರ ಹೆಸರಿನ ಮುಂದೆ ‘ಆರ್‌ಇ’ ಅಂತ ಹೊಸ ಸಾಲು ಕಾಣಿಸಿತು. ಬೋನಸ್ ಇರಬೇಕು ಅಂದುಕೊಂಡು ಮುಟ್ಟಲಿಲ್ಲ. ಎರಡು ವಾರದಲ್ಲಿ ಸಾಲೇ ಮಾಯ! ಅದು ಹೊಸ ಷೇರು ಕೊಳ್ಳುವ ಹಕ್ಕು. ಅದನ್ನು ಬಳಸಬಹುದು ಅಥವಾ ಷೇರಿನಂತೆಯೇ ಮಾರಬಹುದು. ಎರಡೂ ಮಾಡದಿದ್ದರೆ ರದ್ದಾಗುತ್ತದೆ. ಈ ಹಕ್ಕು ಡಿಮ್ಯಾಟಿಗೆ ಬಂದು ಬೀಳುವ ಪದ್ಧತಿಯನ್ನು ಸೆಬಿ ತಂದದ್ದು 2020ರಲ್ಲಿ. ರಿಲಯನ್ಸ್ ಹಕ್ಕು ವಹಿವಾಟಿನ ಮೊದಲ ದಿನವೇ 200 ರೂಪಾಯಿ ದಾಟಿತ್ತು. ಇನ್ನೊಂದು ಉಪದ್ರವವೆಂದರೆ, ಹಕ್ಕು ಮಾರುವ ಬಾಗಿಲು ಅರ್ಜಿಯ ಬಾಗಿಲಿಗಿಂತ ಕೆಲವು ದಿನ ಮೊದಲೇ ಮುಚ್ಚುತ್ತದೆ. ಎಚ್ಚರದವರಿಗೆ ಒಗ್ಗುವ ಈ ವ್ಯವಸ್ಥೆ ಮಾವನಂಥವರನ್ನು ಮರೆತಿದೆ.

‘ತಗೊಳ್ಳದಿದ್ದರೆ ನಿಮ್ಮ ಪಾಲು ಕುಗ್ಗುತ್ತದೆ’ ಎಂಬ ಹೆದರಿಕೆಯೂ ಇದೆ. ಪ್ರವರ್ತಕರಿಗೆ ಅದು ಸರಿ. ನಲವತ್ತು ಷೇರಿನವನ ಪಾಲು ಕುಗ್ಗಿದರೆಷ್ಟು, ಹಿಗ್ಗಿದರೆಷ್ಟು?

ಹಾಗಾದರೆ ಯಾವುದನ್ನು ನೋಡಿ ನಿರ್ಧರಿಸಬೇಕು? ಪ್ರವರ್ತಕರೇ ದುಡ್ಡು ಹಾಕುತ್ತಿದ್ದಾರೆ ಎಂಬುದನ್ನು ಹಲವರು ದೊಡ್ಡ ಭರವಸೆ ಎಂದುಕೊಳ್ಳುತ್ತಾರೆ. ನನಗೆ ಆ ನಂಬಿಕೆ ಹೋದದ್ದು 2019ರಲ್ಲಿ, ವೊಡಾಫೋನ್ ಐಡಿಯಾದ 25,000 ಕೋಟಿಯ ಇಶ್ಯೂ ನೋಡಿ. ಮೂವತ್ತೆಂಟು ಷೇರಿಗೆ ಎಂಬತ್ತೇಳು, ತಲಾ 12.50 ರೂಪಾಯಿ. ಮಾರುಕಟ್ಟೆ ಬೆಲೆಯ ಅರ್ಧಕ್ಕಿಂತಲೂ ಕಡಿಮೆ. ಹತ್ತು ಮುಖಬೆಲೆಯ ಷೇರು ಇನ್ನೆಷ್ಟು ಅಗ್ಗವಾದೀತು! ವೊಡಾಫೋನ್ ಗುಂಪು 11,000 ಕೋಟಿ, ಬಿರ್ಲಾ ಗುಂಪು 7,250 ಕೋಟಿ ಹಾಕುವುದಾಗಿ ಮೊದಲೇ ಹೇಳಿದ್ದವು. ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಎಜಿಆರ್, ಅಂದರೆ ಆದಾಯದ ಮೇಲೆ ಸರ್ಕಾರಕ್ಕೆ ಕೊಡಬೇಕಾದ ಶುಲ್ಕದ ಬಾಕಿಯ ವಿಚಾರದಲ್ಲಿ ಟೆಲಿಕಾಂ ಕಂಪನಿಗಳ ವಿರುದ್ಧ ತೀರ್ಪು ಕೊಟ್ಟಿತು. ನವೆಂಬರ್ ಮಧ್ಯದಲ್ಲಿ ಷೇರು 12.50ರ ಅರ್ಧವೂ ಇರಲಿಲ್ಲ. ತೀರ್ಪು ಯಾರಿಗೂ ಗೊತ್ತಿರಲಿಲ್ಲ ಎನ್ನಬಹುದು. ಆದರೆ ವ್ಯಾಜ್ಯ ವರ್ಷಗಳಿಂದ ನಡೆದಿತ್ತು, ರಿಲಯನ್ಸಿನ ಜಿಯೋ ಬಂದ ಮೇಲಿನ ದರಸಮರವೂ ಎಲ್ಲರ ಕಣ್ಣೆದುರೇ ಇತ್ತು.

ಇಶ್ಯೂ ಹಣ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ರಿಲಯನ್ಸ್ ತನ್ನ ಇಶ್ಯೂ ಹಣದ ಮುಕ್ಕಾಲು ಪಾಲು ಸಾಲ ತೀರಿಸಲಿಕ್ಕೇ ಎಂದಿತ್ತು. ಹಾಗೆಂದು ಸಾಲ ಎಂಬ ಶಬ್ದಕ್ಕೆ ಬೆದರಬೇಕಿಲ್ಲ. ಅಲ್ಲಿ ಅದೇ ಏಪ್ರಿಲಿನಲ್ಲಿ ಫೇಸ್‌ಬುಕ್ ಜಿಯೋದಲ್ಲಿ 43,574 ಕೋಟಿ ಹೂಡುವುದಾಗಿ ಹೇಳಿತ್ತು, ಸಾಲದ ಗುಂಡಿ ತುಂಬುವ ದಾರಿ ಕಾಣುತ್ತಿತ್ತು. ವೊಡಾಫೋನ್ ಐಡಿಯಾದಲ್ಲಿ ಹಾಕಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆಫರ್ ಪತ್ರ ಬಂದರೆ ನಾನೀಗ ಬೆಲೆಯ ಪುಟ ಹಾರಿಸಿ, ಹಣ ಎಲ್ಲಿಗೆ ಹೋಗುತ್ತದೆ, ಯಾವ ಕೇಸುಗಳಿವೆ ಎಂಬ ಪುಟಗಳಿಗೆ ಹೋಗುತ್ತೇನೆ. ಈ ಕಂಪನಿಯ ಒಂದು ಷೇರೂ ನನ್ನಲ್ಲಿಲ್ಲದಿದ್ದರೆ ಇವತ್ತು ಕೊಳ್ಳುತ್ತಿದ್ದೆನೇ? ಇಲ್ಲ ಅನ್ನಿಸಿದರೆ ಹಕ್ಕು ಮಾರುತ್ತೇನೆ, ಕೆಲವೊಮ್ಮೆ ಹಳೆಯ ಷೇರನ್ನೂ.

ಮಾವ ಈಗ ಖಾತೆಯಲ್ಲಿ ಹೊಸ ಸಾಲು ಕಂಡ ತಕ್ಷಣ ಫೋನ್ ಮಾಡುತ್ತಾರೆ. ಹೋದ ಸಲ ಅದು ನಿಜಕ್ಕೂ ಬೋನಸ್ಸೇ ಆಗಿತ್ತು.